ವಿಮಾನದಲ್ಲಿ ಎತ್ತಿದ ಕೈ

ಒಬ್ಬೊಬ್ಬ ಮನುಷ್ಯನನ್ನು ಅವನ ಒಂದೊಂದು ಅಂಗ ಹಾಳು ಮಾಡುತ್ತದೆ. ಕೆಲವರಿಗೆ ನಾಲಿಗೆ, ಕೆಲವರಿಗೆ ಹೊಟ್ಟೆ. ನನ್ನನ್ನು ಹಾಳು ಮಾಡಿದ್ದು ಬಲಗೈ. ಅದು ಕದ್ದದ್ದಿಲ್ಲ, ಯಾರಿಗೂ ಹೊಡೆದದ್ದಿಲ್ಲ. ‘ವಾಲಂಟಿಯರ್’ ಎಂಬ ಶಬ್ದ ಕಿವಿಗೆ ಬಿದ್ದರೆ ಮಾತ್ರ ನನ್ನನ್ನು ಕೇಳದೆ ಮೇಲೇಳುತ್ತದೆ. ನಮ್ಮ ಮಂಗಳೂರಿನಲ್ಲಿ ವಾಲಂಟಿಯರ್ ಎಂದರೆ ಸಣ್ಣ ಪದವಿಯಲ್ಲ. ಅಂಗಿಗೆ ರಿಬ್ಬನ್ ಬ್ಯಾಡ್ಜ್ ಚುಚ್ಚಿಕೊಂಡು ಕುದ್ರೋಳಿಯ ದಸರಾದಲ್ಲಿ ಹಗ್ಗದ ಆಚೆಯವರನ್ನು ಈಚೆಗೂ, ಈಚೆಯವರನ್ನು ಆಚೆಗೂ ಕಳಿಸುವವನು ಅವನು. ಊಟದ ಪಂಕ್ತಿಯಲ್ಲಿ ಸಾಂಬಾರಿನ ಬಾಲ್ದಿ ಹಿಡಿದು ಓಡುವವನು, ಕೊನೆಗೆ ಖಾಲಿಯಾದ ಪಾಯಸದ ಪಾತ್ರೆ ನೋಡಿ “ಪರವಾಗಿಲ್ಲ” ಎನ್ನುವವನೂ ಅವನೇ. ಮಣ್ಣಗುಡ್ಡದ ನಮ್ಮ ಮನೆಯ ಕಪಾಟಿನಲ್ಲಿ ತನ್ನ ಸೀರೆಗಳಿಗಿಂತ ನನ್ನ ಬ್ಯಾಡ್ಜುಗಳಿಗೇ ಜಾಗ ಹೆಚ್ಚು ಎಂದು ಹೆಂಡತಿ ಜಲಜಳ ದೂರು. ಅದು ಸುಳ್ಳು. ಸರಿಸಮ ಇರಬಹುದು, ಅಷ್ಟೆ.

ವಿಮಾನದವರು ಪ್ರಯಾಣಿಕರನ್ನು ಕೆಳಗಿಳಿಸುವ ವಿಡಿಯೋಗಳು ಮೊಬೈಲಿಗೆ ಬರುತ್ತವಲ್ಲ, ಅವುಗಳನ್ನು ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿಗೆ ಮೊದಲು ದಾಟಿಸುವವನು ನಾನೇ ಆಗಿದ್ದೆ. ಜೊತೆಗೆ ನನ್ನ ಟಿಪ್ಪಣಿಯೂ ಇರುತ್ತಿತ್ತು. ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿ, ಕೂತವರನ್ನು ಎಬ್ಬಿಸುವುದೆಂದರೇನು? ನಮ್ಮ ಸಿಟಿ ಬಸ್ಸು ನೋಡಿ ಕಲಿಯಲಿ. ಉರ್ವದಿಂದ ಸ್ಟೇಟ್‌ಬ್ಯಾಂಕಿಗೆ ಹೋಗುವ ಬಸ್ಸಿನಲ್ಲಿ ಜನ ಎಷ್ಟೇ ಇರಲಿ, ಕಂಡಕ್ಟರ್ ಯಾರನ್ನೂ ಇಳಿಸುವುದಿಲ್ಲ. “ಪಿರ ಪೋಲೆ, ಪಿರ ಪೋಲೆ” ಎನ್ನುತ್ತಾ ಎಲ್ಲರನ್ನೂ ಹಿಂದೆ ಹಿಂದೆ ದೂಡಿ, ಇನ್ನೂ ನಾಲ್ಕು ಜನರನ್ನು ಹತ್ತಿಸಿಕೊಳ್ಳುತ್ತಾನೆ. ಅಲ್ಲಿ ಉಸಿರು ಹೋಗಬಹುದು, ಮರ್ಯಾದೆ ಹೋಗುವುದಿಲ್ಲ. ಹೀಗೆಲ್ಲ ಬರೆದು ನಾನು ಬಹಳ ಹೆಬ್ಬೆಟ್ಟುಗಳನ್ನು ಸಂಪಾದಿಸಿದ್ದೆ.

ಹಾಗಿರುವಾಗ ಮುಂಬಯಿಯಲ್ಲಿ ಹೋಟೆಲ್ ಇಟ್ಟಿರುವ ಜಲಜಳ ಅಣ್ಣನ ಮಗಳಿಗೆ ಮದುವೆ ನಿಶ್ಚಯವಾಯಿತು. ಹಿಂದಿನ ದಿನ ಸಂಜೆಯ ವಿಮಾನದಲ್ಲಿ ನಾವಿಬ್ಬರೂ ಹತ್ತಿ ಕೂತೆವು. ಜಲಜಳಿಗೆ ಕಿಟಕಿ, ನನಗೆ ಪಕ್ಕದ ಸೀಟು. ಅವಳು ತಿರುತಿರುಗಿ ನನ್ನ ಕಡೆ ನೋಡಿ ನಗುತ್ತಿದ್ದಳು. ಅಷ್ಟರಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಮೈಕ್ ಹಿಡಿದು ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದಳು. ನಾನು ಬೆಲ್ಟಿನ ಕೊಂಡಿಯ ಜೊತೆ ಗುದ್ದಾಡುತ್ತಿದ್ದುದರಿಂದ ಮುಂದಿನದೂ ಹಿಂದಿನದೂ ಕೇಳಿಸಲಿಲ್ಲ. ನಡುವೆ ‘ವಾಲಂಟಿಯರ್’ ಎಂಬ ಒಂದೇ ಶಬ್ದ ಸ್ಪಷ್ಟವಾಗಿ ಕೇಳಿಸಿತು.

ಕೈ ಎದ್ದಿತು.

“ಥ್ಯಾಂಕ್ಯೂ ಅಂಕಲ್! ಬ್ಯಾಗ್ ತಕ್ಕೊಂಡು ಎದುರು ಬನ್ನಿ” ಎಂದಳು ಹುಡುಗಿ. ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ತಿಂಡಿ ಹಂಚಲಿಕ್ಕೋ, ಬ್ಯಾಗು ಜೋಡಿಸಲಿಕ್ಕೋ ಜನ ಕಡಿಮೆ ಇರಬೇಕು ಎಂದುಕೊಂಡು ನಾನು ಅಂಗಿಯ ತೋಳು ಮಡಚಿ ಗತ್ತಿನಿಂದಲೇ ನಡೆದೆ. ಬಾಗಿಲಿನ ಹೊರಗೆ ಮೆಟ್ಟಿಲಿತ್ತು. ಕೆಳಗೇನೋ ಕೆಲಸವಿರಬೇಕು ಎಂದು ಇಳಿದೆ. ಅವರ ಸಿಬ್ಬಂದಿಯೊಬ್ಬರು ತುರ್ತಾಗಿ ಮುಂಬಯಿಗೆ ಹೋಗಬೇಕು, ಒಂದು ಸೀಟು ಬೇಕು, ಸ್ವಂತ ಇಚ್ಛೆಯಿಂದ ಇಳಿಯುವ ವಾಲಂಟಿಯರ್ ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದಂತೆ. ಇದು ನನಗೆ ಕೊನೆಯ ಮೆಟ್ಟಿಲಿನಲ್ಲಿ ತಿಳಿಯಿತು. ಇನ್ನೊಂದು ವಿಮಾನದಲ್ಲಿ ಸೀಟು ಸಿಗುವುದು ಮದುವೆ ಮುಗಿದ ಮೇಲೆ ಎಂಬುದು ಅದಕ್ಕೂ ಆಮೇಲೆ. “ಅಯ್ಯೋ, ನನ್ನ ಹೆಂಡತಿ ಒಳಗೆ ಇದ್ದಾಳೆ!” ಎಂದು ಬೊಬ್ಬೆ ಹೊಡೆದು ಮೇಲಕ್ಕೆ ಓಡಲು ಹೋದವನು ಮುಗ್ಗರಿಸಿದೆ. ಇಬ್ಬರು ಬಂದು ತೋಳು ಹಿಡಿದು ನಿಲ್ಲಿಸಿದರು. ಒಳಗಿದ್ದ ಯಾರೋ ಪುಣ್ಯಾತ್ಮ ವಿಡಿಯೋ ತೆಗೆದದ್ದು ಸರಿಯಾಗಿ ಅಷ್ಟನ್ನೇ.

ನಾನು ವಿಮಾನ ನಿಲ್ದಾಣವಿರುವ ಬಜ್ಪೆಯ ಗುಡ್ಡ ಇಳಿದು ಮನೆ ಸೇರುವುದರೊಳಗೆ ಆ ವಿಡಿಯೋ ಊರೆಲ್ಲ ಸುತ್ತಿ ಬಂದಿತ್ತು. ‘ಹಿರಿಯ ನಾಗರಿಕರನ್ನು ಹೆಂಡತಿಯಿಂದ ಬೇರ್ಪಡಿಸಿ ಹೊರದಬ್ಬಿದ ವಿಮಾನ!’ ಎಂದು ಅದಕ್ಕೊಂದು ತಲೆಬರಹ, ಹಿನ್ನೆಲೆಯಲ್ಲಿ ಅಳುವ ಪಿಟೀಲು. ಮರುದಿನ ಉರ್ವ ಮಾರ್ಕೆಟಿನಲ್ಲಿ ಮೀನು ಮಾರುವ ಗಿರಿಜಕ್ಕ ಕಣ್ಣು ಒರೆಸಿಕೊಂಡು, “ಅವರ ವಿಮಾನ ಹಾಳಾಗ್ಲಿ ಶೆಟ್ರೇ, ಹೆಂಡತಿ ಅಲ್ಲಿ ಗಂಡ ಇಲ್ಲಿ, ಇದೆಂತ ನ್ಯಾಯ?” ಎಂದು ಎರಡು ಬಂಗುಡೆ ಹೆಚ್ಚಿಗೆ ಹಾಕಿದಳು. ಬೇಡವೆನ್ನಬೇಕಿತ್ತು. ಬಂಗುಡೆ ಬಹಳ ಚೆನ್ನಾಗಿದ್ದವು. ಕಂಪೆನಿಯವರು ‘ಪ್ರಯಾಣಿಕರು ಸ್ವಇಚ್ಛೆಯಿಂದ ಇಳಿದಿದ್ದಾರೆ’ ಎಂದು ಹೇಳಿಕೆ ಕೊಟ್ಟರು. ಅದನ್ನು ಓದಿ ಜನ ಇನ್ನಷ್ಟು ಕೆರಳಿದರು. ಎಲ್ಲಾದರೂ ಉಂಟೇ, ಕೂತ ಸೀಟು ಬಿಟ್ಟು ಯಾರಾದರೂ ತಾವಾಗಿ ಇಳಿಯುತ್ತಾರೆಯೇ? ಇಡೀ ದೇಶದಲ್ಲಿ ಆ ಕಂಪೆನಿಯ ಮಾತು ನಿಜವೆಂದು ನಂಬಿದ್ದವನು ನಾನೊಬ್ಬನೇ.

ಹುತಾತ್ಮನ ಪಟ್ಟ ನನಗೂ ಹಿತವಾಗಿಯೇ ಇತ್ತು, ಮುಚ್ಚಿಡುವುದೇಕೆ. ಆದರೆ ಆ ಮೈಕಿನ ಹುಡುಗಿಯ ತಂದೆ ಹೇಗೋ ನಂಬರ್ ಹುಡುಕಿ ಫೋನ್ ಮಾಡಿದಾಗ ಬಂಗುಡೆ ಗಂಟಲಲ್ಲಿ ನಿಂತಿತು. “ನೀವೇ ಕೈ ಎತ್ತಿದ್ದು ಅಂತ ಮಗಳು ಹೇಳ್ತಾಳೆ. ಅವಳನ್ನು ಕೆಲಸಕ್ಕೆ ಬರುವುದು ಬೇಡ ಅಂತ ಹೇಳಿದ್ದಾರೆ. ನೀವು ಒಂದು ಮಾತು ಹೇಳಿದ್ರೆ ಉಪಕಾರ ಆಗ್ತಿತ್ತು” ಎಂದರು. ದನಿಯಲ್ಲಿ ಸಿಟ್ಟು ಸ್ವಲ್ಪವೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದು ಸಂಜೆಯೇ ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ವಿಠಲಣ್ಣ ಪ್ರತಿಭಟನಾ ಸಭೆ ಇಟ್ಟಿದ್ದರು. ನನ್ನ ಕೊರಳಿಗೆ ಹಾರ ಬೇರೆ. ನಾನು ಮೈಕಿನ ಮುಂದೆ ನಿಂತು, “ನನ್ನನ್ನು ಯಾರೂ ಇಳಿಸಲಿಲ್ಲ. ನಾನೇ ವಾಲಂಟಿಯರ್ ಎಂದು ಕೈ ಎತ್ತಿದೆ. ಆ ಹುಡುಗಿಯ ತಪ್ಪಿಲ್ಲ” ಎಂದೆ. ವಿಠಲಣ್ಣ ಗದ್ಗದಿತರಾಗಿ, “ನೋಡಿ, ಎಂತಹ ಮನುಷ್ಯ! ಹೊರಗೆ ದೂಡಿದವರ ಕೆಲಸ ಉಳಿಸ್ಲಿಕ್ಕೆ ತಾವೇ ಸುಳ್ಳು ಹೇಳ್ತಾ ಇದ್ದಾರೆ” ಎಂದರು. ಚಪ್ಪಾಳೆ ನಿಲ್ಲಲಿಲ್ಲ. ಮತ್ತೊಂದು ಹಾರ ಬಂತು. ಸತ್ಯ ಹೇಳಿ ಅಷ್ಟು ನಾಚಿಕೆಯಾದದ್ದು ಅದೇ ಮೊದಲು.

ಜಲಜ ಮುಂಬಯಿಯಿಂದ ಬಂದದ್ದು ಮದುವೆಯ ಮರುದಿನ ರಾತ್ರಿ. ಹಾರಗಳನ್ನು ಬದಿಗೆ ಸರಿಸಿದಳು. ಸೂಟ್‌ಕೇಸ್ ಬಿಚ್ಚುತ್ತಾ, “ನಿಮ್ಮ ಸಭೆಯ ಸುದ್ದಿ ಗ್ರೂಪಿನಲ್ಲಿ ಓದಿದೆ. ಆ ಹುಡುಗಿಯ ಚಿಂತೆ ಬಿಡಿ. ನಾನು ಕಂಪೆನಿಗೆ ಫೋನ್ ಮಾಡಿ ಹೇಳಿದ್ದೇನೆ, ಪಕ್ಕದಲ್ಲಿ ಕೂತು ನೋಡಿದವಳು ನಾನೇ ಅಂತ. ನಾಳೆಯಿಂದ ಕೆಲಸಕ್ಕೆ ಹೋಗ್ತಾಳೆ” ಎಂದಳು.

ಹೋದ ಜೀವ ಬಂದಂತಾಯಿತು. ಮರುಕ್ಷಣ ಸಿಟ್ಟೂ ಬಂತು. “ನೀನು ನೋಡಿದ್ದೀಯಾ? ಹಾಗಾದರೆ ಕೈ ಹಿಡಿದು ಎಳೆದು ಕೂರಿಸ್ಲಿಕ್ಕೆ ಎಂತ ಆಗಿತ್ತು?”

“ಎಳೀಬೇಕು ಅಂತಲೇ ಕೈ ಚಾಚಿದೆ ಮಾರಾಯ್ರೆ” ಎಂದಳು ಜಲಜ. “ಮತ್ತೆ ಯೋಚನೆ ಮಾಡಿದೆ. ಅಲ್ಲಿಗೆ ಬಂದ್ರೂ ನೀವು ಸಾಂಬಾರಿನ ಬಾಲ್ದಿ ಹಿಡಿದು ಓಡುವುದೇ ಅಲ್ವಾ? ಇಷ್ಟು ವರ್ಷದಲ್ಲಿ ಯಾವ ಮದುವೆಯಲ್ಲಿ ನನ್ನ ಹತ್ತಿರ ಕೂತು ಊಟ ಮಾಡಿದ್ದೀರಿ, ಒಂದು ಹೇಳಿ. ವಿಮಾನದಲ್ಲಾದ್ರೂ ಎದ್ದು ಹೋಗ್ಲಿಕ್ಕೆ ಆಗುವುದಿಲ್ಲ, ಒಂದೂವರೆ ಗಂಟೆ ಪಕ್ಕದಲ್ಲಿ ಇರ್ತೀರಿ ಅಂತ ಖುಷಿಯಲ್ಲಿದ್ದೆ. ಅಲ್ಲಿಂದಲೂ ಎದ್ದು ಹೋದ್ರಿ.”

ನಾನು ಒಂದು ಮದುವೆಯನ್ನಾದರೂ ನೆನಪಿಸಿಕೊಳ್ಳಲು ಬಹಳ ಪ್ರಯತ್ನಿಸಿದೆ. ನಮ್ಮದೇ ಮದುವೆ ನೆನಪಾಯಿತು, ಆದರೆ ಅದರಲ್ಲೂ ನಾನು ಹೋಳಿಗೆ ಬಡಿಸಲು ನಡುವೆ ಎದ್ದಿದ್ದೆ. ಬೇಸರವಾಯಿತು, ನಿಜವಾಗಿ ಬೇಸರವಾಯಿತು.

ಮೊನ್ನೆ ಜಲಜಳ ತಂಗಿಯ ಹೊಸ ಮನೆಯ ಒಕ್ಕಲು. ಬ್ಯಾಡ್ಜ್ ಇಲ್ಲದ ಅಂಗಿ ಹಾಕಿ ಹೋಗಿ ಮೊದಲ ಪಂಕ್ತಿಯಲ್ಲೇ ಜಲಜಳ ಪಕ್ಕ ಕೂತೆ. ಎಲೆಗೆ ಅನ್ನ ಬಿದ್ದಿತ್ತು. ಸಾಂಬಾರಿನವನು ತೀರಾ ನಿಧಾನ, ನೋಡಲಿಕ್ಕಾಗುತ್ತಿರಲಿಲ್ಲ. ಅಷ್ಟರಲ್ಲಿ ಅಡುಗೆಯವರ ಕಡೆಯಿಂದ “ಗಸಿ ಬಡಿಸ್ಲಿಕ್ಕೆ ಒಬ್ಬ ವಾಲಂಟಿಯರ್ ಬೇಕಿತ್ತು” ಎಂದು ಯಾರೋ ಕೂಗಿದರು. ಬಲಗೈ ಅನ್ನದಲ್ಲಿತ್ತು, ಹಾಗಾಗಿ ಅದು ಬಚಾವ್. ಎಡಗೈ ಎದ್ದೀತೆಂದು ನೋಡಿದರೆ, ಮೇಜಿನ ಕೆಳಗೆ ಅದನ್ನು ಜಲಜ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಪ್ರೀತಿಯಿಂದಲೇ ಹಿಡಿದಿದ್ದಾಳೆಂದು ನಾನು ನಂಬಿದ್ದೇನೆ. ಬಿಡಿಸಿಕೊಳ್ಳಲು ಎರಡು ಸಲ ನೋಡಿದೆ, ಆಗಲಿಲ್ಲ.