ಡಬ್ಬಿಯೊಳಗಿನ ಉಪವಾಸ

ಹೊಟ್ಟೆಯನ್ನು ಹದ್ದುಬಸ್ತಿನಲ್ಲಿಡುವುದು ದೊಡ್ಡ ಕೆಲಸವೇನಲ್ಲ ಎಂದು ಆಗ ನಾನು ಪೂರ್ಣವಾಗಿ ನಂಬಿದ್ದೆ. ಸೇಡಂ ರಸ್ತೆಯ ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ, ರೋಗವೇನೂ ಇಲ್ಲ, ಕರುಳಿಗೆ ಸಿಟ್ಟು ಜಾಸ್ತಿ, ಅಷ್ಟೇ ಎಂದಿದ್ದರು. ಅದಕ್ಕೆ ಸಿಟ್ಟು ಬಂದರೆ ಹೊಟ್ಟೆ ನುಲಿಯುತ್ತಿತ್ತು, ನಾನು ಓಡುತ್ತಿದ್ದೆ. ಹಾಲು, ಖಾರ, ಕರಿದದ್ದು, ತೊಗರಿಬೇಳೆ ಬಿಡಬೇಕೆಂದು ಅಪ್ಪಣೆಯಾಯಿತು. ಕಲಬುರಗಿಯವನಿಗೆ ತೊಗರಿಬೇಳೆ ಬಿಡು ಎನ್ನುವುದೂ ಊರು ಬಿಡು ಎನ್ನುವುದೂ ಒಂದೇ! ಆದರೂ ಬಿಟ್ಟೆ. ಮೆತ್ತಗಿನ ಅನ್ನ, ನೀರು ಮಜ್ಜಿಗೆಯ ಮೇಲೆ ತಿಂಗಳುಗಟ್ಟಲೆ ಸುಖವಾಗಿದ್ದೆ.

ಅಷ್ಟರಲ್ಲಿ ತಮ್ಮ ಪ್ರಾಣೇಶನಿಗೆ ಕಮಲಾಪುರದ ಹೆಣ್ಣು ನಿಶ್ಚಯವಾಗುವಂತಿತ್ತು. ಅಪ್ಪ, ಅಮ್ಮ ತೀರಿದ ಮೇಲೆ ಅವನನ್ನು ಬೆಳೆಸಿದವರು ನಾವು ಗಂಡ ಹೆಂಡತಿಯೇ. ನಮ್ಮ ಸೋದರತ್ತೆಗೆ ಕೆಮ್ಮು ಇದೆ ಎಂಬ ಸುದ್ದಿಗೇ ಅವನ ಹಿಂದಿನ ಸಂಬಂಧ ಮುರಿದಿತ್ತು. ಇನ್ನು ಅಣ್ಣನ ಕರುಳಿನ ಕಥೆ ಹೊರಬಿದ್ದರೆ ಮನೆತನಕ್ಕೇ ರೋಗ ಅಂಟಿದೆ ಎಂದಾರು. ಹಾಗಾಗಿ ಹೊಟ್ಟೆಯ ವಿಷಯ ಗುಪ್ತವಾಗಿರತಕ್ಕದ್ದು ಎಂದು ತೀರ್ಮಾನಿಸಿದೆ.

"ಖರೆ ಹೇಳಿಬಿಡ್ರೀ. ಹೊಟ್ಟಿ ಯಾರಿಗಿಲ್ಲ?" ಎಂದಳು ಹೆಂಡತಿ ಸುಮಿತ್ರಾ. ನಾನು ಕೇಳಲಿಲ್ಲ. ಅವಳು ಸುಮ್ಮನೆ ಡಬ್ಬಿಯಲ್ಲಿ ನನ್ನ ಪಥ್ಯದ ಅನ್ನ ತುಂಬಿ, ನನ್ನ ಚೀಲದಲ್ಲಿ ಪಂಚೆಯ ಕೆಳಗಿಟ್ಟಳು.

ಶಹಾಬಜಾರದ ಮನೆಯಿಂದ ಮೂವರೂ ಹೊರಟು ಬಸ್ಸಿನಲ್ಲಿ ಕಮಲಾಪುರ ಮುಟ್ಟಿದೆವು. ಹುಡುಗಿಯ ತಂದೆ ಗುಂಡೇರಾಯರು ಆಚಾರವಂತರು. ಅವರ ಮನೆಯ ಮಡಿ ಅಡುಗೆಗೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರಿತ್ತು. ಎಲೆ ಹಾಕುವ ಮಾತು ಬಂದಾಗ ನಾನು ಗಂಭೀರವಾಗಿ, ಇಂದು ಶನಿವಾರ, ನನ್ನದು ಉಪವಾಸ ಎಂದೆ. ಯಾರೂ ಒತ್ತಾಯ ಮಾಡುವಂತಿಲ್ಲ. ನನ್ನ ಬುದ್ಧಿಗೆ ನಾನೇ ಬೆರಗಾದೆ!

ಆದರೆ ವೈಷ್ಣವರ ಮನೆಯಲ್ಲಿ ಶನಿವಾರದ ಉಪವಾಸದವನನ್ನು ಬರಿಹೊಟ್ಟೆಯಲ್ಲಿ ಕೂಡಿಸುವುದಿಲ್ಲ ಎಂಬುದನ್ನು ಮರೆತಿದ್ದೆ. ಉಳಿದವರಿಗೆ ಊಟವಾದರೆ ನನಗೆ ಫಲಾಹಾರ ಬಂತು. ತುಪ್ಪದಲ್ಲಿ ಹೊರಳಿದ ಸಾಬೂದಾಣಿ ಖಿಚಡಿ, ಮೇಲೆ ಹಸಿಮೆಣಸಿನಕಾಯಿ. ಶೇಂಗಾ ಉಂಡಿ. ಅವರದೇ ತೋಟದ ಕೆಂಪು ಬಾಳೆಹಣ್ಣು. ಕೊನೆಗೆ ಕೆನೆ ಕಟ್ಟಿದ ಹಾಲು, ತಂಬಿಗೆಯ ತುಂಬ. ಡಾಕ್ಟರು ಬೇಡವೆಂದದ್ದೆಲ್ಲ ಮೆರವಣಿಗೆಯಲ್ಲಿ ಬಂದಂತಿತ್ತು. ಬೇಡ ಎಂದರೆ ಸಂಬಂಧ ಬೇಡ ಎಂದಂತೆ. ತಮ್ಮನ ಮುಖ ನೋಡಿದೆ. ಅವನ ಕಣ್ಣು ಒಳಬಾಗಿಲ ಮೇಲೆಯೇ ಇತ್ತು. ಕುಡಿದೆ.

ಜಾತಕದ ಮಾತು ಶುರುವಾಗುವಷ್ಟರಲ್ಲಿ ಕರುಳಿಗೆ ಸಿಟ್ಟು ಬಂತು. ಪಾಯಖಾನೆ ಹಿತ್ತಲ ತುದಿಯಲ್ಲಿತ್ತು. ಅಲ್ಲಿಗೆ ಹೋಗಲು ಚೊಂಬು ಹಿಡಿದು ಪಡಸಾಲೆ ದಾಟಬೇಕು. ದಾಟಿದೆ. ಬಂದು ಕುಳಿತು ಗೋತ್ರ ಹೇಳುವ ಮೊದಲೇ ಮತ್ತೆ ಎದ್ದೆ. ಮೊದಲ ಸಲ ಕಾಲು ತೊಳೆದು ಹೇಗೋ ಒಳಗೆ ಬಂದಿದ್ದೆ, ಆದರೆ ಮಡಿಯ ಮನೆಯಲ್ಲಿ ಹಾಗೆ ಹೋಗಿಬಂದವನು ಪಂಚೆ ಬದಲಿಸದೆ ಒಳಗೆ ಬರುವಂತಿಲ್ಲ. ಈ ಸಲವಂತೂ ಮೈಮೇಲಿನದು ಹಿತ್ತಲಲ್ಲಿ ಒದ್ದೆಯಾಗಿತ್ತು, ಮತ್ತೊಂದು ಚೀಲದಲ್ಲಿತ್ತು. ಬಚ್ಚಲ ಬಾಗಿಲಲ್ಲಿ ನಿಂತು ಪಂಚೆ ತಾ ಎಂದು ಪ್ರಾಣೇಶನನ್ನು ಕೂಗಿದೆ. ಪಂಚೆಯ ಕೆಳಗೆ ಏನಿದೆ ಎಂಬುದು ಆಗ ನೆನಪಾಗಲಿಲ್ಲ.

ಅವನು ಅವಸರದಲ್ಲಿ ಎಳೆದಿದ್ದ. ನಾನು ಒಳಬಂದಾಗ ಜಮಖಾನೆಯ ನಡುವೆ ಡಬ್ಬಿ ಬಾಯಿ ತೆರೆದು ಬಿದ್ದಿತ್ತು. ಉಪವಾಸದವನ ಚೀಲದಲ್ಲಿ ಅನ್ನ!

ಗುಂಡೇರಾಯರು ಅದನ್ನು ನೋಡಿದರು. ಅವರಿಗೆ ಸಿಟ್ಟಿಗಿಂತ ನೋವಾಗಿತ್ತು.

"ನಮ್ಮ ಮಡಿ ನಿಮಗ ಸಾಲಲಿಲ್ಲೇನ್ರೀ? ಅನ್ನಾ ಮನಿಯಿಂದ ಕಟಗೊಂಡು ಬಂದೀರಿ?"

ಆ ಅರ್ಥ ನನ್ನ ಕನಸಿನಲ್ಲೂ ಬಂದಿರಲಿಲ್ಲ. ಪ್ರಾಣೇಶ ತಲೆ ತಗ್ಗಿಸಿದ್ದ. ನನ್ನ ಮರ್ಯಾದೆ ಹಿತ್ತಲಿನಲ್ಲೇ ಹೋಗಿತ್ತು, ಇವನದಾದರೂ ಉಳಿಯಲಿ ಎಂದು ಕರುಳಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಇದು ನನ್ನೊಬ್ಬನದೇ, ತಮ್ಮ ಕಲ್ಲು ತಿಂದರೂ ಅರಗಿಸುತ್ತಾನೆ ಎಂದೂ ಸೇರಿಸಿದೆ.

ಒಳಬಾಗಿಲಿನಿಂದ ಹುಡುಗಿ ವಿಜಯಾ ಬಂದು ಡಬ್ಬಿ ಎತ್ತಿಕೊಂಡಳು.

"ಅಪ್ಪಾ, ಬಾಕಿ ಮಾತು ಆಮ್ಯಾಲೆ. ಮೊದಲ ಇವರಿಗೆ ಮಜ್ಜಿಗಿ ಅನ್ನ ಕಲಸಿ ತರ್ತೀನಿ."

ತಂದಳು. ಅವರೆಲ್ಲರ ಎದುರಿಗೆ, ಸುಳ್ಳು ಉಪವಾಸ ಮುರಿದು, ನಾನು ಉಂಡೆ. ಕಣ್ಣಲ್ಲಿ ನೀರು ಬಂತು, ಖಾರ ಮಾತ್ರ ಅದರಲ್ಲಿರಲಿಲ್ಲ. ಗುಂಡೇರಾಯರು ಪಂಚಾಂಗ ತೆಗೆದರು.

ಮದುವೆಯೂ ಆಯಿತು. ಊಟದ ಪಂಕ್ತಿಯಲ್ಲಿ ವರನ ಅಣ್ಣನೆಂಬ ಬಿಗುವಿನಿಂದ ಮೊದಲ ಎಲೆಗೆ ಕುಳಿತಿದ್ದೆ. ಹೋಳಿಗೆ ಬಡಿಸುವವನು ನನ್ನತ್ತ ಬಾಗಿದ್ದೇ ತಡ, ಗುಂಡೇರಾಯರು ಪಂಕ್ತಿಯ ಆ ತುದಿಯಿಂದ ಅತ್ಯಂತ ಕಾಳಜಿಯಿಂದ ಕೂಗಿದರು:

"ಅವರಿಗೆ ಹಾಕಬ್ಯಾಡಪಾ! ಅವರಿಗೆ ಹೊಟ್ಟಿ ನಿಲ್ಲಂಗಿಲ್ಲ!"

ಎರಡೂ ಕಡೆಯ ಬೀಗರು ಏಕಕಾಲಕ್ಕೆ ನನ್ನ ಹೊಟ್ಟೆಯನ್ನು ನೋಡಿದರು. ಮನೆತನದ ಮಾನಕ್ಕಾಗಿ ನಾನು ಅಷ್ಟು ಜತನದಿಂದ ಮುಚ್ಚಿಟ್ಟ ಗುಟ್ಟು, ಹೋಳಿಗೆಗಿಂತ ಮೊದಲು ಎಲ್ಲರ ಎಲೆಗೂ ಮುಟ್ಟಿತ್ತು.