ಬಾಕಿ ನೋಟಿಸು ತಿದ್ದಿದ ಪ್ರಸಂಗ

ಬಾಡಿಗೆ ಬಾಕಿ ಉಳಿಸಿಕೊಂಡವನಿಗೆ ಒಂದು ವಿಶೇಷ ಮರ್ಯಾದೆ ಬರುತ್ತದೆ ಎಂಬುದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಬಾಡಿಗೆಯನ್ನು ತಿಂಗಳು ತಿಂಗಳು ಸರಿಯಾಗಿ ಕಟ್ಟುತ್ತಿದ್ದ ಕಾಲದಲ್ಲಿ ನಾನು ಬದುಕಿದ್ದೇನೆಯೋ ಇಲ್ಲವೋ ಎಂದು ಒಂದು ಪಿಳ್ಳೆಯೂ ವಿಚಾರಿಸಿರಲಿಲ್ಲ. ಬಾಕಿ ಬೀಳುತ್ತಿದ್ದಂತೆ ಕೇಳುವವರೇ ಕೇಳುವವರು. ಊಟವಾಯಿತೇ, ಮೈಯಲ್ಲಿ ಆರಾಮವೇ, ನಿನ್ನೆ ಎಲ್ಲಿಗೆ ಹೋಗಿದ್ದಿರಿ, ಊರು ಬಿಡುವ ವಿಚಾರ ಏನಾದರೂ ಇದೆಯೇ? ನನ್ನ ಬಗ್ಗೆ ಇಷ್ಟೊಂದು ಕಾಳಜಿ ಇರುವವರು ನಮ್ಮ ಬಂಧುಬಳಗದಲ್ಲೂ ಇಲ್ಲ.

ನಾನಿರುವುದು ಶಹಾಪುರದ ಅಂಚಿನಲ್ಲಿ, ಕಾಲುವೆಯ ದಂಡೆಗೆ. ಬಡವರಿಗೆಂದು ಸರ್ಕಾರ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಟ್ಟ ಸಾಲುಮನೆಗಳಲ್ಲಿ ಒಂದು ನಮ್ಮದು. ಕಾಲುವೆಗೆ ನೀರು ಬಂದ ಮೇಲೆ ಸುತ್ತಲಿನ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು, ಊರೊಳಗಿನ ಮನೆಬಾಡಿಗೆಗಳು ಭತ್ತಕ್ಕಿಂತ ಹುಲುಸಾಗಿ ಬೆಳೆದವು. ಹೀಗಾಗಿ ಈ ಮನೆ ಬಿಟ್ಟರೆ ನಮ್ಮಂಥವರಿಗೆ ಉಳಿಯುವುದು ಬಸ್‌ಸ್ಟ್ಯಾಂಡೇ. ಬಾಗಿಲು ತೆರೆದರೆ ಎದುರಿಗೆ ಬೆಟ್ಟದ ಸಾಲಿನ ಆಕಾರದಲ್ಲಿ ಮಲಗಿದ ಬುದ್ಧ ಕಾಣುತ್ತಾನೆ. ಎಷ್ಟು ಶತಮಾನಗಳಿಂದ ಮಲಗಿದ್ದಾನೋ! ಅವನನ್ನು ಎಬ್ಬಿಸಿ ಬಾಡಿಗೆ ಕೇಳುವ ಧೈರ್ಯ ಯಾವ ಸಾಹೇಬರಿಗೂ ಬಂದಿಲ್ಲ.

ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ನನ್ನ ಅಕ್ಕ ನಾಗಮ್ಮ. ನಾನು ಸುರಪುರದ ಒಂದು ಸಣ್ಣ ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಅಚ್ಚುಮೊಳೆ ಜೋಡಿಸಿದೆ, ಕರಡು ತಿದ್ದಿದೆ. ಒಂದು ದಿನ ಯಂತ್ರ ಲಗ್ನಪತ್ರಿಕೆಯ ಜೊತೆಗೆ ನನ್ನ ಎಡಗೈಯ ಮೂರು ಬೆರಳುಗಳನ್ನೂ ಅಚ್ಚು ಹಾಕಿಬಿಟ್ಟಿತು. ಆಮೇಲೆ ಕಂಪ್ಯೂಟರು ಬಂತು, ಮುದ್ರಣಾಲಯವೇ ಮುಚ್ಚಿತು. ಸರ್ಕಾರ ನನಗೆ ಅಂಗವಿಕಲರ ಮಾಸಾಶನ ಕೊಟ್ಟಿತು. ಅಕ್ಕನಿಗೆ ವಿಧವಾ ವೇತನ ಮೊದಲಿನಿಂದಲೂ ಇತ್ತು. 'ನಮ್ಮ ಮನ್ಯಾಗ ಇಬ್ಬರಿಗೂ ಸರ್ಕಾರಿ ಪಗಾರ' ಎಂದು ನಾನು ಬಂದವರೆದುರು ಜಂಬ ಹೊಡೆಯುತ್ತಿದ್ದೆ.

ಆ ಜಂಬಕ್ಕೆ ಕಣ್ಣು ತಾಗಿತೇನೋ. ಒಂದು ವರ್ಷ ಎರಡೂ ಒಟ್ಟಿಗೇ ನಿಂತವು. ಕೇಳಿದರೆ 'ಪರಿಶೀಲನೆ ನಡೆದಿದೆ' ಎಂದರು. ಹೋದ ಬೆರಳುಗಳು ಮತ್ತೆ ಚಿಗುರಿವೆಯೋ ಎಂದು ನನ್ನದನ್ನು ಪರಿಶೀಲಿಸಬೇಕು, ತೀರಿಕೊಂಡ ಗಂಡ ತಿರುಗಿ ಬಂದಿದ್ದಾನೆಯೋ ಎಂದು ಅಕ್ಕನದನ್ನು ಪರಿಶೀಲಿಸಬೇಕು. ನಾನು ಯಾದಗಿರಿಗೆ ಹೋಗಿ, ದಿನವಿಡೀ ಸರತಿಯಲ್ಲಿ ನಿಂತು, ಬೆರಳಿಲ್ಲದ ಕೈಯನ್ನು ತೋರಿಸಿ ಬಂದೆ. ಅಕ್ಕ ತೋರಿಸುವುದಾದರೂ ಏನನ್ನು? 'ಬಂದ್ರ ನಾನ ತಿಳಸ್ತೀನಿ ಅಂತ ಹೇಳು. ನನಗೂ ಅಂವನ ಕೂಡ ಮಾತಾಡೂದು ಭಾಳ ಅದ' ಎಂದಳು.

ಅಕ್ಕ ಸೊಪ್ಪು ಮಾರಿ ರೊಟ್ಟಿಗೆ ದಾರಿ ಮಾಡುತ್ತಿದ್ದಳು. ಬಾಡಿಗೆಗೆ ದಾರಿ ಇರಲಿಲ್ಲ. ವಸೂಲಿಗೆ ಬರುತ್ತಿದ್ದವನು ಭೀಮರಾಯ ಎಂಬ ವಸತಿ ಕಚೇರಿಯ ಮನುಷ್ಯ. ಒಳ್ಳೆಯವನು, ಮೆತ್ತಗಿನವನು, ಬಾಕಿ ಕೇಳುವಾಗ ತಾನೇ ಸಾಲಗಾರನಂತೆ ತಲೆ ತಗ್ಗಿಸುತ್ತಿದ್ದ. ಅವನ ಸೈಕಲ್ಲಿನ ಚೈನು ಕಿರುಗುಟ್ಟುವುದು ಕೇಳಿದೊಡನೆ ನಾನು ಹಿತ್ತಲಿಗೆ ನಡೆಯುತ್ತಿದ್ದೆ. ಅಕ್ಕನಿಗೆ ಇದು ಸೇರುತ್ತಿರಲಿಲ್ಲ. 'ಅದಾನ ಬಾ ಭೀಮರಾಯಾ, ಹಿತ್ತಲದಾಗ ನಿಂತಾನ. ಅಂವನ ಕಿಸೆದಾಗ ಮಾತ್ರ ಏನೂ ಇಲ್ಲ' ಎಂದು ಕೂಗಿ ಹೇಳುತ್ತಿದ್ದಳು. ಭೀಮರಾಯ ನಾಚಿಕೊಂಡು, 'ಇರ್ಲಿ ಬಿಡು ನಾಗಮ್ಮಕ್ಕ, ಮುಂದಿನ ತಿಂಗಳ ಬರ್ತೀನಿ' ಎಂದು ಚಹ ಕುಡಿದು ಹೋಗುತ್ತಿದ್ದ. ಹೀಗೆ ಹನ್ನೊಂದು ತಿಂಗಳು ಕಳೆದವು.

ಹನ್ನೆರಡನೆಯ ತಿಂಗಳು ಅವನು ಚಹಕ್ಕೆ ಕುಳಿತುಕೊಳ್ಳಲಿಲ್ಲ. ಒಂದು ನೋಟಿಸನ್ನು ಅಕ್ಕನ ಕೈಗಿಟ್ಟು, ನಮ್ಮ ಸಾಲಿನ ಬಾಕಿದಾರರಿಗೆಲ್ಲ ಒಂದೊಂದು ಹಂಚಿ, ಹಿಂದೆ ನೋಡದೆ ಹೋದ. ಅಕ್ಕನಿಗೆ ಓದು ಬಾರದು. 'ಏನ್ ಬರದದ ನೋಡು' ಎಂದು ನನಗೆ ಕೊಟ್ಟಳು. ನಾನು ಕನ್ನಡಕ ಏರಿಸಿ ಓದತೊಡಗಿದೆ. ಓದುತ್ತ ಓದುತ್ತ ನನ್ನ ಮೈ ಉರಿಯಿತು.

ಮನೆ ಹೋಗುತ್ತದೆ ಎಂದಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ. 'ಬಾಕಿ' ಎಂಬುದನ್ನು 'ಭಾಕಿ' ಎಂದು ಹೊಡೆದಿದ್ದರು. ವಸೂಲಿ 'ವಸುಲಿ'ಯಾಗಿತ್ತು. ಇದೆಲ್ಲಕ್ಕೂ ಮಿಗಿಲಾಗಿ, 'ಹದಿನೈದು ದಿನಗಳೊಳಗೆ ಪೂರ್ಣ ಬಾಡಿಗೆ ಪಾವತಿಸಿದ್ದಲ್ಲಿ ತಮ್ಮನ್ನು ಮನೆಯಿಂದ ತೆರವುಗೊಳಿಸಲಾಗುವುದು' ಎಂದು ಬರೆದಿತ್ತು. ಪಾವತಿಸದಿದ್ದಲ್ಲಿ ಎಂಬುದರಲ್ಲಿ ಒಂದು 'ದ' ಬಿಟ್ಟುಹೋಗಿ, ಅದರ ಗುಡಿಸು ಹಿಂದಿನ 'ಸ'ಕ್ಕೆ ಅಂಟಿಕೊಂಡಿತ್ತು. ಅಂದರೆ ಬಾಡಿಗೆ ಕಟ್ಟಿದವನನ್ನು ಹೊರಗೆ ಹಾಕುತ್ತಾರೆ, ಕಟ್ಟದವನು ನಿಶ್ಚಿಂತೆಯಿಂದ ಇರಬಹುದು. ಬುದ್ಧಿ ಇದ್ದವನಾದರೆ ಆ ಕಾಗದವನ್ನು ಮಡಚಿ ಪೆಟ್ಟಿಗೆಯಲ್ಲಿ ಭದ್ರವಾಗಿ ಇಡುತ್ತಿದ್ದ. ನಾನು ಕೆಂಪು ಪೆನ್ನು ತೆಗೆದೆ. ಬಿದ್ದುಹೋದ 'ದ'ವನ್ನು ಎತ್ತಿ ಅದರ ಜಾಗದಲ್ಲಿ ಕೂರಿಸಿದೆ. ಉಳಿದ ಒಂಬತ್ತು ತಪ್ಪುಗಳನ್ನೂ ತಿದ್ದಿದೆ. ಹಿಂದೊಮ್ಮೆ ಒಂದು ಹೋಟೆಲಿನ ಮಾಲೀಕನಿಗೆ, ಸಾಲ ಕೊಡುವುದಿಲ್ಲವೆಂಬ ನಿಮ್ಮ ಫಲಕದಲ್ಲಿ 'ಉದ್ದರಿ' ಎಂಬುದು ತಪ್ಪಾಗಿದೆ ಎಂದು ತಿಳಿಸಲು ಹೋಗಿ, 'ಮೊದಲ ನಿನ್ನ ಉದ್ದರಿ ತೀರಸು' ಎಂದು ಬೈಸಿಕೊಂಡು ಬಂದವನು ನಾನು. ಆದರೂ ಬುದ್ಧಿ ಬಂದಿರಲಿಲ್ಲ.

ತಿದ್ದಿದ ನೋಟಿಸಿನ ಜೊತೆಗೆ ಒಂದು ಅರ್ಜಿಯನ್ನೂ ಬರೆದೆ. ಬಾಕಿಯನ್ನು ಕಂತುಗಳಲ್ಲಿ ತೀರಿಸಲು ಅನುಮತಿ ಕೊಡಬೇಕೆಂದು ಎರಡು ಸಾಲಿನಲ್ಲಿ ಕೇಳಿದ್ದರೆ ಸಾಕಿತ್ತು. ನಾನು ನಾಲ್ಕು ಪುಟ ಬರೆದೆ. ನಮ್ಮ ಬಡತನವನ್ನು ಬೇಸಿಗೆಯ ಕಾಲುವೆಗೆ ಹೋಲಿಸಿದೆ, ಸಾಹೇಬರ ಕರುಣೆಯನ್ನು ಜಲಾಶಯಕ್ಕೆ ಹೋಲಿಸಿದೆ, ತೂಬು ಎತ್ತಬೇಕೆಂದು ಪ್ರಾರ್ಥಿಸಿದೆ. ಓದಿ ಹೇಳಿದರೆ ಅಕ್ಕ ಆಕಳಿಸಿದಳು. ನಾನೇ ಕಚೇರಿಗೆ ಹೋಗಿ ಎರಡನ್ನೂ ಭೀಮರಾಯನ ಕೈಗೆ ಕೊಟ್ಟು ಬಂದೆ.

ಮೂರನೆಯ ದಿನವೇ ಸಾಹೇಬರಿಂದ ಕರೆ ಬಂತು. ನನ್ನ ಗದ್ಯಕ್ಕೆ ಇಷ್ಟು ಬೇಗ ಫಲ ಸಿಕ್ಕಿತಲ್ಲ ಎಂದು ಹಿಗ್ಗಿ, ಒಗೆದ ಅಂಗಿ ತೊಟ್ಟು ಹೊರಟೆ. ಅಕ್ಕನೂ ಸೊಪ್ಪಿನ ಬುಟ್ಟಿ ಇಳಿಸಿ ಬೆನ್ನು ಹತ್ತಿದಳು.

ಸಾಹೇಬರ ಮೇಜಿನ ಮೇಲೆ ನನ್ನ ಅರ್ಜಿಯೂ ಕೆಂಪಾದ ನೋಟಿಸೂ ಒಂದರ ಪಕ್ಕ ಒಂದು ಮಲಗಿದ್ದವು.

'ಈ ಅರ್ಜಿ ಯಾರ ಕಡಿಂದ ಬರಸೀರಿ?'

'ನಾನ ಬರದೀನ್ರಿ ಸಾಹೇಬ್ರ.'

'ಇಷ್ಟು ಚಂದ ಬರಿಯಾಂವ ಬಡವ ಹ್ಯಾಂಗ ಆಗ್ತಾನ್ರಿ? ಎಲ್ಲೋ ಕೆಲಸ ಮಾಡಾಕತ್ತೀರಿ. ಸುಳ್ಳ ಹೇಳಿ ಸರ್ಕಾರಿ ಮನ್ಯಾಗ ಇದ್ದೀರಿ.'

ಚೆನ್ನಾಗಿ ಬರೆಯುವವರೆಲ್ಲ ಶ್ರೀಮಂತರು ಎಂದು ತಿಳಿದ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು. ಆದರೂ ಹೊಗಳಿಕೆಯನ್ನು ಹೊಗಳಿಕೆಯಂತೆಯೇ ಸ್ವೀಕರಿಸಿ ನಾನು ಕೈಮುಗಿದು ನಕ್ಕೆ. ಅದು ಎರಡನೆಯ ತಪ್ಪು. ಸಾಹೇಬರು ನೋಟಿಸನ್ನು ಎತ್ತಿ ಹಿಡಿದರು.

'ಮತ್ತ ಇದೇನು? ನನ್ನ ನೋಟಿಸಿಗೆ ಮಾರ್ಕ್ಸ್ ಹಾಕೀರಿ?'

ನೋಟಿಸನ್ನು ಸ್ವತಃ ಸಾಹೇಬರೇ ಬರೆದಿದ್ದರಂತೆ. ಬಾಗಿಲ ಬಳಿ ನಿಂತಿದ್ದ ಭೀಮರಾಯ ಗೋಡೆಯನ್ನು ನೋಡತೊಡಗಿದ. ಆಗ ಅಕ್ಕ ಮುಂದೆ ಬಂದಳು.

'ಸಾಹೇಬ್ರ, ಇಂವಂಗ ಅದೊಂದ ರೋಗ. ಯಾರ್ ಏನ್ ಬರದ್ರೂ ತಿದ್ದತಾನ. ನಿಮ್ಮದ ಅಂತ ಅಲ್ರಿ, ದೇವರ ಬರದದ್ದು ಸಿಕ್ರೂ ಬಿಡಂಗಿಲ್ಲ. ಇಂವನ ಬೆರಳ ನೋಡ್ರಿ, ನನ್ನ ಕೊರಳ ನೋಡ್ರಿ. ಪಗಾರ ನಿಂತ ಒಂದು ವರ್ಷ ಆತು. ಬಂದ್ರ ಕಟ್ತೀವಿ, ಓಡಿ ಹೋಗಂಗಿಲ್ಲ. ಹೊರಗ ಹಾಕ್ತೀನಿ ಅಂದ್ರ ಹಾಕ್ರಿ. ಇಲ್ಲೇ ನಿಮ್ಮ ಕಚೇರಿ ಕಟ್ಟಿ ಮ್ಯಾಲ ಸೊಪ್ಪ ಮಾರಕೋತ ಇರ್ತೀನಿ.'

ನನ್ನ ನಾಲ್ಕು ಪುಟಗಳು ಮಾಡಲಾಗದ ಕೆಲಸವನ್ನು ಈ ಕೊನೆಯ ಮಾತು ಮಾಡಿತು. ಸಾಹೇಬರು ಕಟ್ಟೆಯ ಕಡೆಗೊಮ್ಮೆ, ಅಕ್ಕನ ಕಡೆಗೊಮ್ಮೆ ನೋಡಿದರು. 'ಕಂತಿನ ಮ್ಯಾಲ ಕಟ್ಟಾಕ ಪರವಾನಗಿ ಕೊಡೂಣು. ಮಂಜೂರಿ ಪಟ್ಟಿಯೊಳಗ ಹೆಸರು ಬರ್ತದ' ಎಂದರು. ಆಮೇಲೆ ನನ್ನತ್ತ ತಿರುಗಿ, 'ನಿಮಗ ತಿದ್ದೂ ಹವ್ಯಾಸ ಅದಲ್ಲ? ಇನ್ಮುಂದ ನಮ್ಮ ಕಾಗದ ಎಲ್ಲಾ ಹೊರಗ ಹೋಗೂಕ್ಕಿಂತ ಮೊದಲ ನೀವ ನೋಡಿ, ಸರಿ ಅದ ಅಂತ ಸಹಿ ಮಾಡ್ರಿ' ಎಂದರು. ಸಂಬಳದ ಮಾತು ಬರಲಿಲ್ಲ. ನಾನೂ ಕೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಯಾರೋ ನನ್ನ ಕಸುಬನ್ನು ಗುರುತಿಸಿದ್ದರು. ಅಷ್ಟಕ್ಕೇ ನಾನು ಉಬ್ಬಿಹೋಗಿದ್ದೆ.

ನನ್ನ ಮೊದಲ ಕೆಲಸ ಅದೇ ನೋಟಿಸನ್ನು ಶುದ್ಧ ಮಾಡಿಕೊಡುವುದು. ಭೀಮರಾಯ ನಮ್ಮ ಸಾಲಿನವರಿಂದ ಹಳೆಯದನ್ನೆಲ್ಲ ವಾಪಸು ಪಡೆದು ಹೊಸದನ್ನು ಹಂಚಿದ. ನಮ್ಮ ಪಕ್ಕದ ಮನೆಯ ದೇವಮ್ಮನ ಮಗಳು ಕಾಲೇಜಿಗೆ ಹೋಗುವವಳು. ಬಿದ್ದುಹೋದ 'ದ' ಅವಳ ಕಣ್ಣಿಗೂ ಬಿದ್ದಿತ್ತಂತೆ. ಅದನ್ನು ವಕೀಲರಿಗೆ ತೋರಿಸಿ ಎಲ್ಲರ ಮನೆ ಉಳಿಸಿಕೊಳ್ಳಬಹುದೆಂದು ಓಣಿಯ ಹೆಣ್ಣುಮಕ್ಕಳೆಲ್ಲ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತ ಯೋಚನೆ ಹಾಕಿದ್ದರಂತೆ. ದೇವಮ್ಮ ನಮ್ಮ ಬಾಗಿಲಿಗೆ ಬಂದು ನಿಂತಳು.

'ಮಲ್ಲಣ್ಣ, ನಮ್ಮ ಮನಿಗಿ ಬೆಂಕಿ ಹಚ್ಚೂದಿದ್ರ ಹಚ್ಚಬೇಕಾಗಿತ್ತು. ಆ ಒಂದು ಅಕ್ಷರ ನಿನಗೇನ್ ಮಾಡಿತ್ತು?'

'ಅದು ತಪ್ಪಿತ್ತು ದೇವಮ್ಮ' ಎಂದೆ.

'ತಪ್ಪಿತ್ತಲ್ಲ, ಅದಕ್ಕ ಬಿಡಬೇಕಾಗಿತ್ತು' ಎಂದಳು ಅವಳು. ಅವಳ ಗಂಡ ಸೈದಾಪುರದ ಕಡೆ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿದ್ದ. ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬಯ್ದು ಮುಗಿಸಿದವಳು ಅಲ್ಲೇ ಹೊಸ್ತಿಲ ಮೇಲೆ ಕುಳಿತು ಕಣ್ಣು ಒರೆಸಿಕೊಂಡಳು. ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅಂದು ಅಕ್ಕ ನನಗೆ ರೊಟ್ಟಿಯನ್ನೇನೋ ಹಾಕಿದಳು, ಮಾತು ಹಾಕಲಿಲ್ಲ. ಊಟ ಮುಗಿದ ಮೇಲೆ ಕಾಗದದ ಕಟ್ಟನ್ನು ನನ್ನ ಮುಂದೆ ಒಗೆದು, 'ಓಣಿ ಮಂದಿಗಿ ಎಲ್ಲಾರಿಗೂ ಕಂತಿನ ಅರ್ಜಿ ಬರಿ. ನಾನು ಹೇಳ್ತೀನಿ, ನೀ ಬರಿ. ಕಾಲುವಿ, ಜಲಾಶಯ ಏನಾರ ನಡುವ ತಂದಿ ಅಂದ್ರ ನೋಡು' ಎಂದಳು. ನಾಲ್ಕು ದಿನ ನಮ್ಮ ಮನೆಯೇ ಕಚೇರಿಯಾಯಿತು. ಒಬ್ಬೊಬ್ಬರೇ ಬಂದು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಅಕ್ಕ ಅದನ್ನು ಮೂರು ಸಾಲಿಗೆ ಇಳಿಸುತ್ತಿದ್ದಳು. 'ಗಂಡಗ ದಿನಾ ಕೆಲಸ ಸಿಗಂಗಿಲ್ಲ. ಮಗಳು ಕಾಲೇಜಿಗಿ ಹೋಗ್ತಾಳ. ತಿಂಗಳಿಗಿಷ್ಟು ಕಟ್ತೀವಿ.' ಇಂಥ ಬೋಳು ಗದ್ಯವನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ. ಪ್ರತಿ ವಾಕ್ಯದ ಕೊನೆಗೂ ಕೈ ತುರಿಸುತ್ತಿತ್ತು. ಆದರೆ ಬರೆದದ್ದನ್ನು ಓದಿ ಹೇಳಿದಾಗ ದೇವಮ್ಮ, 'ಹೌದು, ಇದು ನಂದ ಮಾತು' ಎಂದಳು. ನನ್ನ ಬರವಣಿಗೆಗೆ ಯಾರೂ ಹಾಗೆ ಅಂದದ್ದಿಲ್ಲ.

ಅರ್ಜಿಗಳು ಹೋದವು. ಎರಡು ವಾರಕ್ಕೆ ಭೀಮರಾಯ ಮಂಜೂರಿ ಪಟ್ಟಿಯ ಕರಡನ್ನು ತಂದ. ಈ ಸಲ ಕುಳಿತು ಚಹ ಕುಡಿದ. ಕೇಳಿದವರೆಲ್ಲರಿಗೂ ಸಾಹೇಬರು ಕಂತು ಮಾಡಿಕೊಟ್ಟಿದ್ದರಂತೆ. ನಾನು ಕೆಂಪು ಪೆನ್ನು ಹಿಡಿದು ಒಂದೊಂದೇ ಹೆಸರು ನೋಡಿದೆ. 'ದೇವಮ'ನಿಗೆ ಮಕಾರದ ಒತ್ತು ಕೊಟ್ಟೆ, 'ಸರಣಪ್ಪ'ನನ್ನು ಶರಣಪ್ಪನನ್ನಾಗಿ ಮಾಡಿದೆ. ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿದೆ. ಕೊನೆಗೆ 'ಪರಿಶೀಲಿಸಲಾಗಿದೆ, ಸರಿ ಇದೆ' ಎಂದು ಬರೆದು, ಕೆಳಗೆ ನನ್ನ ಸಹಿಯನ್ನು ಸುಳಿ ಬಿಡಿಸಿ ಹಾಕಿ ಕಳಿಸಿದೆ.

ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿದ ದಿನ ಓಣಿಯವರೆಲ್ಲ ನೋಡಲು ಹೋದೆವು. ದೇವಮ್ಮನ ಮಗಳು ಗಟ್ಟಿಯಾಗಿ ಓದಿದಳು. ಒಂದು ತಪ್ಪೂ ಇರಲಿಲ್ಲ. ನಾನು ಎದೆಯುಬ್ಬಿಸಿ ನಿಂತಿದ್ದೆ. ಓದಿ ಮುಗಿದ ಮೇಲೆ ಅಕ್ಕ ಕೇಳಿದಳು.

'ನಮ್ಮ ಹೆಸರು ಎಲ್ಲ್ಯದ?'

ಹುಡುಗಿ ಇನ್ನೊಮ್ಮೆ ಓದಿದಳು. ನಮ್ಮ ಹೆಸರು ಇರಲಿಲ್ಲ. ಕರಡನ್ನು ನಾನೇ ಎರಡು ಸಲ ಕಣ್ಣಲ್ಲಿ ಕಣ್ಣಿಟ್ಟು ಓದಿದ್ದೆ. ಬರೆದ ಅಕ್ಷರದಲ್ಲಿ ತಪ್ಪು ಹುಡುಕುವುದಷ್ಟೇ ನನಗೆ ಗೊತ್ತು. ಬರೆಯದೇ ಬಿಟ್ಟದ್ದು, ಅದೂ ನನ್ನದೇ ಹೆಸರು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಾನೂ ಅಕ್ಕನೂ ಒಳಗೆ ಹೋಗಿ ಕೇಳಿದೆವು. ಸಾಹೇಬರು ಶಾಂತವಾಗಿ ಪಟ್ಟಿಯ ಕರಡನ್ನು ತೆಗೆದು ನನ್ನ ಸಹಿಯನ್ನು ನನಗೇ ತೋರಿಸಿದರು. 'ಸರಿ ಅದ ಅಂತ ನೀವ ಬರದೀರಲ್ರಿ? ನಾನೇನ್ ಮಾಡ್ಲಿ?' ಅವರ ಮುಖದಲ್ಲಿ ಆಗ ಕಂಡ ಸಂತೋಷವನ್ನು ವರ್ಣಿಸಲು ನನಗೆ ನಾಲ್ಕು ಪುಟಗಳಾದರೂ ಬೇಕು. ಬಿಟ್ಟುಹೋದದ್ದೋ ಬಿಟ್ಟದ್ದೋ, ಇಂದಿಗೂ ತಿಳಿದಿಲ್ಲ. ನಾನು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಅಕ್ಕ ಮಾತ್ರ ಒಳಗೇ ಉಳಿದಳು. ಏನು ಮಾತಾಡಿದಳೋ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಭೀಮರಾಯ ಬಂದು, ಗೋಡೆಯ ಮೇಲಿನ ಪಟ್ಟಿಯ ಕೊನೆಯಲ್ಲಿ ಪೆನ್ನಿನಿಂದ ಒಂದು ಹೆಸರು ಸೇರಿಸಿದ. ಸಾಹೇಬರು ಬಂದು ಅದರ ಪಕ್ಕದಲ್ಲಿ ರುಜು ಹಾಕಿ, ಮುದ್ರೆ ಒತ್ತಿ ಹೋದರು.

ನಾನು ಹತ್ತಿರ ಹೋಗಿ ನೋಡಿದೆ. 'ಮಲ್ಲಿಕಾರ್ಜನ' ಎಂದಿತ್ತು. ನನ್ನ ಕೈ ತಾನಾಗಿಯೇ ಕಿಸೆಗೆ ಹೋಯಿತು. ಅಕ್ಕ ಮಣಿಕಟ್ಟು ಹಿಡಿದಳು.

'ಯಕ್ಕಾ, ಜಕಾರದ ಕೊಂಬು ಹೋಗ್ಯಾದ' ಎಂದೆ.

'ಹೋಗ್ಲಿ ಬಿಡು ತಮ್ಮಾ' ಎಂದಳು ಅಕ್ಕ. 'ಅದು ಇದ್ದದ್ದಕ್ಕ ಅಲ್ಲೇನು ಇಷ್ಟೆಲ್ಲಾ ಆಗಿದ್ದು?'

ಕೈ ಬಿಟ್ಟಳು. ನಾನು ಪೆನ್ನು ತೆಗೆಯಲಿಲ್ಲ. ಕಚೇರಿಯ ದಾಖಲೆಯಂತೆ ಈಗ ಆ ಮನೆಯಲ್ಲಿ ಕೊಂಬಿಲ್ಲದ ಮಲ್ಲಿಕಾರ್ಜನನೆಂಬ ಮನುಷ್ಯ ವಾಸವಾಗಿದ್ದಾನೆ. ಯಾರ ತಂಟೆಗೂ ಹೋಗುವವನಲ್ಲವಂತೆ. ಅವನ ಕಂತುಗಳನ್ನು ಮಾತ್ರ ತಿಂಗಳು ತಿಂಗಳು ನಾನೇ ಕಟ್ಟುತ್ತಿದ್ದೇನೆ.