ಬಸವರಾಜಪ್ಪನವರ ಕೊರಡು, ನನ್ನ ಮೀನು

ನಾಬ್ ಇರುವ ಯಾವ ವಸ್ತು ಮನೆಗೆ ಬಂದರೂ ಅದನ್ನು ಕೊನೆಯವರೆಗೆ ತಿರುಗಿಸಿಬಿಡುವ ಚಾಳಿ ನನಗೆ ಚಿಕ್ಕಂದಿನಿಂದ ಇದೆ. ರೇಡಿಯೋ ಹಾಕಿದರೆ ಪಕ್ಕದ ತೋಟದವರಿಗೂ ವಾರ್ತೆ ಕೇಳಿಸಬೇಕು, ಸ್ಟೌ ಹಚ್ಚಿದರೆ ಮಾಡಿಗೆಲ್ಲ ಮಸಿ ಹಿಡಿಯಬೇಕು. "ಮಳೆಗೊಂದು ನಾಬ್ ಮಾಡಿ ಇವರ ಕೈಗೆ ಕೊಡಲಿಲ್ಲವಲ್ಲ, ದೇವರು ದೊಡ್ಡವನು" ಎಂದು ನನ್ನ ಹೆಂಡತಿ ಬಂದವರ ಎದುರೆಲ್ಲ ಹೇಳುತ್ತಾಳೆ. ಇಂಥವನ ಕೈಗೆ ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಮೀನು ಹುಡುಕುವ ಯಂತ್ರವೊಂದು ಬಂದು ಸೇರಿತು. ಮಂಗಳೂರಿನ ಬಂದರಿನಲ್ಲಿ ಐಸ್ ಫ್ಯಾಕ್ಟರಿ ನೋಡಿಕೊಳ್ಳುತ್ತಿದ್ದ ನನ್ನ ಭಾವ, ಯಾರೋ ಬೋಟಿನವರು ಬೇಡವೆಂದು ಬಿಟ್ಟದ್ದನ್ನು ಮೂಡಿಗೆರೆ ಬಸ್ಸಿಗೆ ಹಾಕಿ ಕಳಿಸಿದ್ದರು. ಟಿಫಿನ್ ಕ್ಯಾರಿಯರ್ ಗಾತ್ರದ ಡಬ್ಬಿ. ಮುಖದ ಮೇಲೆ ಗಡಿಯಾರದಂತೆ ಅಂಕಿಗಳು, ಒಳಗೆ ಗಿರಗಿರ ಸುತ್ತುವ ಕೆಂಪು ದೀಪ. ಅದನ್ನು ಜೀಪಿನ ಬ್ಯಾಟರಿಗೆ ಸಿಕ್ಕಿಸಿ, ವಯರಿನ ತುದಿಯ ಬಿಲ್ಲೆಯನ್ನು ನೀರಿಗೆ ಇಳಿಬಿಟ್ಟರೆ, ಬಿಲ್ಲೆ ಕೆಳಗೆ ಸದ್ದು ಕಳಿಸುತ್ತದೆ. ಸದ್ದು ಏನಕ್ಕಾದರೂ ತಾಗಿ ವಾಪಸು ಬಂದರೆ ಅಷ್ಟು ಆಳದ ಅಂಕಿಯ ಹತ್ತಿರ ದೀಪ ಮಿನುಗುತ್ತದೆ. ನಾಬ್ ಎರಡೇ. ಒಂದು ಆಳದ್ದು, ಅದರಲ್ಲಿ ತಕರಾರಿಲ್ಲ. ಸಮುದ್ರದ ಯಂತ್ರಕ್ಕೆ ನಮ್ಮ ಪಕ್ಕದ ಕೆರೆಯ ಆಳ ಯಾವ ಲೆಕ್ಕ? ಇನ್ನೊಂದು ಗೇನ್, ಎಂದರೆ ಯಂತ್ರದ ಕಿವಿ ಎಷ್ಟು ಚುರುಕಾಗಿರಬೇಕು ಎನ್ನುವುದು. ನಮ್ಮ ಜಗಳವೆಲ್ಲ ಇದರದ್ದು.

ನಮ್ಮ ಎಂದರೆ ನನ್ನ ಮತ್ತು ಬಸವರಾಜಪ್ಪನವರ. ಅವರಿಗೆ ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ಕತ್ತಿ, ಗುದ್ದಲಿ, ಹಗ್ಗ, ಮೊಳೆಗಳ ಅಂಗಡಿ. ಲಿಂಗಾಯತರು, ಮೊಟ್ಟೆ ಬೆರೆತಿದೆ ಎಂದು ಕೇಕನ್ನೂ ಮುಟ್ಟದವರು. ಅಂಥವರು ಪ್ರತಿ ಭಾನುವಾರ ಮೀನು ನೋಡಲು ಬಸ್ಸು ಹತ್ತಿ ನಮ್ಮ ತೋಟಕ್ಕೆ ಬರುತ್ತಿದ್ದರು. "ತಿನ್ನಬಾರ್ದು ಅಂತ ಇದೆ. ನೋಡಬಾರ್ದು ಅಂತ ಎಲ್ಲಿದೆ ಮಾರಾಯ್ರೆ?" ಎಂಬುದು ಅವರ ವಾದ. ಪಕ್ಕದ ಎಸ್ಟೇಟಿನವರು ಕಾಫಿ ಹೂವಿಗೆ ನೀರು ಹಾರಿಸಲೆಂದು ಕಣಿವೆಗೆ ಏರಿ ಹಾಕಿ ಮಾಡಿದ ಕೆರೆ ಅದು. ಮರಗಳನ್ನು ಕಡಿದು ಬುಡ ಕೀಳದೆ ನೀರು ನಿಲ್ಲಿಸಿದ್ದರು. ಖಾಲಿ ಡೀಸೆಲ್ ಡ್ರಮ್ಮುಗಳಿಗೆ ಬಿದಿರು ಕಟ್ಟಿದ ತೆಪ್ಪದ ಮೇಲೆ ಕುಳಿತು ನಾನು ಗೇನನ್ನು ಪೂರ್ತಿ ಏರಿಸುತ್ತಿದ್ದೆ. ಮುಖದ ತುಂಬ ದೀಪ! ನೀರಿಗಿಂತ ಮೀನೇ ಜಾಸ್ತಿ. ಗಾಳ ಹಾಕಿದರೆ ಒಂದೂ ಸಿಗುತ್ತಿರಲಿಲ್ಲ, ಆ ಮಾತು ಬೇರೆ. ಬಸವರಾಜಪ್ಪನವರು ನನ್ನ ಕೈ ಸರಿಸಿ, ತಳ ಒಂದನ್ನು ಬಿಟ್ಟು ಉಳಿದೆಲ್ಲ ಮಿನುಗು ಆರುವವರೆಗೆ ಗೇನ್ ಇಳಿಸಿ, ಆಮೇಲೆ ಕೂದಲೆಳೆಯಷ್ಟು ಏರಿಸುತ್ತಿದ್ದರು. "ಸುಳ್ಳು ಮೀನು ನಂಗೆ ಬೇಡ ಮಾರಾಯ್ರೆ. ಇದ್ರೆ ಇದೆ, ಇಲ್ದಿದ್ರೆ ಇಲ್ಲ."

ಅವರ ಲೆಕ್ಕದಲ್ಲಿ ಇಡೀ ಕೆರೆಗೆ ಉಳಿಯುತ್ತಿದ್ದದ್ದು ತೂಬಿನ ಹತ್ತಿರದ ಒಂದೇ ಮಿನುಗು. ಪ್ರತಿ ಭಾನುವಾರವೂ ಅಲ್ಲೇ ಇರುತ್ತಿತ್ತು. ಅದು ಜಾಗ ಬಿಟ್ಟು ಕದಲದ ಮುದಿ ಮೀನು ಎಂದು ನಾನು, ಕೊರಡು ಎಂದು ಅವರು. ಮಾತಿಗೆ ಮಾತು ಬೆಳೆದು ಪಂದ್ಯವೇ ಆಯಿತು. ಮೀನಾದರೆ ಅವರು ಅಂಗಡಿಯಲ್ಲಿ ಗಿರಾಕಿಗಳ ಎದುರು "ಮೀನೇ ಮಹಾರಾಜ" ಎಂದು ಕೂಗಬೇಕು. ಕೊರಡಾದರೆ ನಾನು ಒಂದು ತಿಂಗಳು ಮೀನು ತಿನ್ನುವುದು ಬಿಡಬೇಕು. ಘಾಟಿ ಹತ್ತಿ ಬರುವ ಬಸ್ಸಿನ ಮೇಲಿಂದ ಮೀನಿನ ಬುಟ್ಟಿ ಇಳಿಯುವುದನ್ನೇ ಕಾಯುತ್ತ ಕೂರುವ ನನಗೆ ಅದು ಜೈಲಿನ ಶಿಕ್ಷೆ.

ಭಾನುವಾರದವರೆಗೂ ಕಾಯದೆ, ವಾರದ ನಡುವೆ ಒಂದು ದಿನ ಅಂಗಡಿ ಮುಚ್ಚಿ ಅವರು ನನಗೂ ಹೇಳದೆ, ಉದ್ದದ ಬಿದಿರು ಗಳ ಹಿಡಿದು, ತೂಬಿನ ಹತ್ತಿರದ್ದನ್ನು ಚುಚ್ಚಿ ನೋಡಲು ಒಬ್ಬರೇ ಬಂದಿದ್ದಾರೆ. ಮಧ್ಯಾಹ್ನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಏರಿಯ ಮೇಲೆ ಜೋಡಿಸಿಟ್ಟ ಚಪ್ಪಲಿಗಳನ್ನೂ ಕೆರೆಯ ನಡುವೆ ಖಾಲಿ ತೇಲುತ್ತಿದ್ದ ತೆಪ್ಪವನ್ನೂ ಕಂಡು ನನ್ನಲ್ಲಿಗೆ ಓಡಿಬಂದ. ಬಸವರಾಜಪ್ಪನವರಿಗೆ ಈಜು ಬರುತ್ತಿರಲಿಲ್ಲ. ನಾನು ಹೋಗುವಷ್ಟರಲ್ಲಿ ಆಳುಗಳು ಮುಳುಗಿ ಮುಳುಗಿ, ಕೆಸರಲ್ಲಿ ಕಣ್ಣು ಕಾಣದೆ, ನಡುಗುತ್ತ ದಡದಲ್ಲಿ ಕೂತಿದ್ದರು. ತೂಬು ತೆಗೆದು ನೀರು ಬಿಡಿ ಎಂದು ಯಾರೋ ಹೇಳಿದ್ದಕ್ಕೆ ಎಸ್ಟೇಟಿನ ಮಾಲೀಕರು, "ಹೂವಿಗೆ ನೀರು ಕೊಡೋ ಹೊತ್ತು ಮಾರಾಯ್ರೆ, ಅವರು ಇಲ್ಲೇ ಇದ್ದಾರೆ ಅಂತ ಖಾತ್ರಿ ಏನು?" ಎಂದರು. ಪೊಲೀಸಿನವನೊಬ್ಬ ನನ್ನನ್ನು ಬದಿಗೆ ಕರೆದು, "ಆಚೆ ದಡದ ಕಡೆ ಚೆನ್ನಾಗಿ ನೋಡಿ ಸಾರ್, ಅದು ಬೇರೆ ಠಾಣೆಗೆ ಸೇರುತ್ತೆ" ಎಂದು ಪಿಸುಗುಟ್ಟಿದ. ಅಷ್ಟರಲ್ಲಿ ಬಸವರಾಜಪ್ಪನವರ ಹೆಂಡತಿ ಗಂಗಕ್ಕ ಬಾಡಿಗೆ ಜೀಪಿನಿಂದ ಇಳಿದರು. ಚಪ್ಪಲಿಗಳ ಕಡೆ ನೋಡಲಿಲ್ಲ. ಸೀದಾ ನನ್ನ ಹತ್ತಿರ ಬಂದು, "ಅಣ್ಣಾ, ನಿಮ್ಮ ಮಿಷನ್ ತನ್ನಿ. ಅವರು ಇಲ್ಲಿಲ್ಲ ಅಂತ ಎಲ್ಲರಿಗೂ ತೋರಿಸಿಬಿಡಿ" ಎಂದರು.

ತೆಪ್ಪದಲ್ಲಿ ರೈಟರ್ ಗಳ ಹಾಕುತ್ತಿದ್ದ, ನಾನು ನಾಬ್ ಹಿಡಿದಿದ್ದೆ. ದಡದಲ್ಲಿದ್ದ ಪ್ರತಿಯೊಬ್ಬನಿಗೂ ಅದನ್ನು ಎಷ್ಟು ತಿರುಗಿಸಬೇಕು ಎಂಬುದರ ಬಗ್ಗೆ ಅಭಿಪ್ರಾಯವಿತ್ತು, ಕೂಗಿ ಹೇಳುತ್ತಲೂ ಇದ್ದರು. ಜೀವಮಾನದಲ್ಲಿ ಮೊದಲ ಸಲ ನಾನು ನಾಬನ್ನು ಪೂರ್ತಿ ಇಳಿಸಿದೆ. ಒಂದೂ ಮಿನುಗಿಲ್ಲ. ಕೆರೆ ಎಷ್ಟು ಚೊಕ್ಕವಾಗಿತ್ತೆಂದರೆ ತಳವೇ ಇರಲಿಲ್ಲ. ಗಂಗಕ್ಕ ಕೇಳಿದ್ದು ಇದನ್ನೇ, ಹೀಗೇ ದಡಕ್ಕೆ ಹೋಗಿ ತೋರಿಸಿಬಿಡಲೇ ಅನ್ನಿಸಿತು. ಕೈ ಹಳೆ ಚಾಳಿಗೆ ಬಿದ್ದು ಪೂರ್ತಿ ಏರಿಸಿತು. ಈಗ ಎಲ್ಲೆಲ್ಲೂ ಅವರೇ! ಮೀನೆಂದು ಯಾವುದನ್ನು ಕಂಡು ಕುಣಿಯುತ್ತಿದ್ದೆನೋ ಆ ಒಂದೊಂದು ಮಿನುಗೂ ಬಸವರಾಜಪ್ಪನವರಾಗಿ ಕಂಡಿತು.

ಕೊನೆಗೆ ಅವರು ಮಾಡುತ್ತಿದ್ದ ಹಾಗೆಯೇ ಮಾಡಿದೆ. ತಳ ಒಂದು ಉಳಿಯುವವರೆಗೆ ಇಳಿಸಿ, ಕೂದಲೆಳೆಯಷ್ಟು ಏರಿಸಿದೆ. ಕೆರೆಯೆಲ್ಲ ಸುತ್ತಿದೆವು, ಏನೂ ಇಲ್ಲ. ತೂಬಿನ ಹತ್ತಿರ ಬಂದಾಗ ಆ ಹಳೆಯ ಮಿನುಗು ತನ್ನ ಜಾಗದಲ್ಲೇ ಇತ್ತು. ಅದಕ್ಕೆ ತಾಗಿದಂತೆ, ಸ್ವಲ್ಪ ಮೇಲೆ, ಇನ್ನೊಂದು. "ಎಂಥ ಕಾಣ್ತದೆ?" ಎಂದು ರೈಟರ್ ಕೇಳಿದ. ನಾನು ಕೈ ತೋರಿಸಿದೆ. ಆಳುಗಳು ಅಲ್ಲೇ ಮುಳುಗಿ ಅವರನ್ನು ತಂದರು. ಅಂಗಿ ಕೊರಡಿನ ಕವಲಿಗೆ ಸಿಕ್ಕಿಕೊಂಡಿತ್ತಂತೆ. ಆ ಯಂತ್ರ ನನ್ನ ಕೈಯಲ್ಲಿ ಸರಿಯಾಗಿ ಹುಡುಕಿಕೊಟ್ಟದ್ದು ಅದೊಂದನ್ನೇ. ನಾನು ತೆಪ್ಪದ ಮೇಲೆಯೇ ಅತ್ತೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಗಂಗಕ್ಕ ಕಾಫಿ ಲೋಟ ಕೈಗಿಟ್ಟು ಕೇಳಿದರು: "ಅಷ್ಟಕ್ಕೂ ಅದು ಏನಾಗಿತ್ತಣ್ಣಾ? ಮೀನಾ, ಕೊರಡಾ?"

"ಕೊರಡು."

"ಹಾಗಾದ್ರೆ ಇವರೇ ಗೆದ್ರು" ಎಂದು ಅವರು ನಕ್ಕರು. ಆಮೇಲೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು.

ಒಂದು ತಿಂಗಳು ಎಂದು ಮಾತಾಗಿತ್ತೇ ಹೊರತು ಯಾವ ತಿಂಗಳು ಎಂದು ನಾವು ಗೊತ್ತು ಮಾಡಿರಲಿಲ್ಲ. ಈಗ ಯಂತ್ರ ಅಟ್ಟದಲ್ಲಿದೆ. ನನ್ನ ಹೆಂಡತಿ ಬಂಗುಡೆ ಸಾರು ಮಾಡಿದಾಗಲೆಲ್ಲ, "ವರ್ಷಗಳೇ ಕಳೆದ್ವು, ನಿಮ್ಮ ತಿಂಗಳು ಇನ್ನೂ ಮುಗೀಲಿಲ್ವಾ?" ಎಂದು ರೇಗುತ್ತಾಳೆ. ಮುಗಿಯಿತು ಎಂದು ಹೇಳಬೇಕಾದವರು ಬಸವರಾಜಪ್ಪನವರು, ನಾನಲ್ಲ. ಹಾಗೆಂದು ನನ್ನನ್ನು ಮಹಾ ವ್ರತಸ್ಥ ಎಂದುಕೊಳ್ಳಬೇಡಿ. ಮೀನಿನ ತುಂಡು ಬದಿಗಿಟ್ಟು ಸಾರು ಮಾತ್ರ ಬಡಿಸಿಕೊಳ್ಳುತ್ತೇನೆ, ಅದನ್ನೂ ತಟ್ಟೆ ತುಂಬ. ಪಂದ್ಯದಲ್ಲಿ ಸಾರಿನ ಮಾತೇ ಬಂದಿರಲಿಲ್ಲ ಎಂದು ವಾದ ಮಾಡಲು ಪ್ರತಿ ಸಲವೂ ಸಿದ್ಧನಾಗಿಯೇ ಕೂರುತ್ತೇನೆ. ಜಗಳಕ್ಕೆ ಬರುವವರೇ ಇಲ್ಲ.